ಎರೆಭೂಮಿಯಲ್ಲಿ ಹೊದಿಕೆ ಬೆಳೆ: ಒಂದು ಸಮೀಕ್ಷೆ

ಪುನಶ್ಚೇತಕ ಕೃಷಿಯೆಂಬ ನೂತನ ನಾಮಧೇಯದೊಡನೆ ಪ್ರಚಾರಕ್ಕೆ ಬಂದಿರುವ ಹೊದಿಕೆ ಬೆಳೆಯನ್ನು, ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆಂದು ಬಿತ್ತುವ ರೈ ಧಾನ್ಯದ ದೃಷ್ಟಾಂತಸಹಿತವಾಗಿ ಯಾದಗಿರಿ, ಶಹಾಪುರ, ಸುರಪುರಗಳ ರೈತರಿಗೆ ಬೋಧಿಸುವ ಉತ್ಸಾಹ ಈಚೆಗೆ ಅತಿಯಾಗಿದೆ. ನಮ್ಮ ಆಳವಾದ ಎರೆಹೊಲಗಳು ಹಿಂಗಾರಿ ಜೋಳಕ್ಕಾಗಿ ಬೀಳು ಬಿದ್ದು ಬರಿಮೈಯಾಗಿರುವುದು ಮುಂಗಾರಿನ ಬಿರುಮಳೆ ಹೊಯ್ಯುವ ತಿಂಗಳುಗಳಲ್ಲೆಂಬ ಪ್ರಾಥಮಿಕ ಸಂಗತಿಯನ್ನು ಈ ಬೋಧಕರು ಗಮನಿಸಿದಂತಿಲ್ಲ.

ತೊಗರಿಯ ಸಾಲುಗಳ ನಡುವೆ ಹೆಸರು, ಅಲಸಂದಿ, ಮಡಿಕೆಗಳನ್ನು ಅಕ್ಕಡಿಯಾಗಿ ಹಾಕಿ ನೆಲ ಮುಚ್ಚುತ್ತಿದ್ದ ಪೂರ್ವಿಕರ ಕ್ರಮವಾಗಲಿ, ಬಿಹಾರದ ಪೂಸಾದಲ್ಲಿ ಕೃಷಿವಿಜ್ಞಾನಿ ಆಲ್ಬರ್ಟ್ ಹೋವರ್ಡರು ಸೆಣಬನ್ನು ಹಸಿರುಗೊಬ್ಬರವಾಗಿ ಪರೀಕ್ಷಿಸಿದುದಾಗಲಿ ಸುವಿದಿತವೇ ಆಗಿದೆ. 1930ರ ದಶಕದಲ್ಲಿ ಸೋಲಾಪುರ, ವಿಜಾಪುರ, ಹಗರಿ, ರಾಯಚೂರು, ರೋಹ್ತಕ್‌ಗಳಲ್ಲಿ ಆರಂಭವಾದ ಒಣಬೇಸಾಯದ ಸಂಶೋಧನೆ ಬದುಗಳ ವಿಷಯದಲ್ಲಿ ಉಪಕಾರ ಮಾಡಿತು. ಆದರೆ ಬೀಳುಹೊಲದಲ್ಲಿ ಮೇಲಿಂದ ಮೇಲೆ ಕುಂಟೆ ಹೊಡೆದು ಕಸವಿಲ್ಲದಂತಿಡುವ ರೂಢಿಗೆ ಶಾಸ್ತ್ರದ ಮುದ್ರೆಯೂ ಬಿದ್ದಿತು.

ನಮ್ಮ ತಲೆಮಾರಿನವರ ದೃಷ್ಟಿಯನ್ನು ತಿದ್ದಿದುದು, 1972ರಲ್ಲಿ ಸ್ಥಾಪಿತವಾದ ಪಟಂಚೇರುವಿನ ಇಕ್ರಿಸ್ಯಾಟ್ ಸಂಸ್ಥೆಯು 1976ರಿಂದ ಎರೆಮಣ್ಣಿನ ಜಲಾನಯನದಲ್ಲಿ ನಡೆಸಿದ ದೀರ್ಘಕಾಲದ ಪ್ರಯೋಗ. ಮುಂಗಾರಿನಲ್ಲಿ ಬೀಳು ಬಿಟ್ಟ ಹೊಲದಿಂದ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 6 ಟನ್ ಮಣ್ಣು ಕೊಚ್ಚಿಹೋದರೆ, ಅಗಲ ಮಡಿಗಳಲ್ಲಿ ಎರಡೂ ಹಂಗಾಮು ಬೆಳೆದು ಮುಚ್ಚಿದ ಹೊಲದಿಂದ ಹೋದುದು ಸುಮಾರು ಒಂದೂವರೆ ಟನ್. ಹೀಗಿರಲು ಮುಂಗಾರಿನಲ್ಲಿ ಸೆಣಬನ್ನೋ ಹೆಸರನ್ನೋ ಬಿತ್ತಿ, ಹೂ ಕಾಣುವ ಹೊತ್ತಿಗೆ, ಎಂದರೆ 45-50 ದಿನಗಳೊಳಗೆ, ಮಣ್ಣಿಗೆ ಸೇರಿಸಿ, ಸೆಪ್ಟೆಂಬರದ ಮಳೆಯಿಂದ ನೆಲ ಪುನಃ ತೇವಗೊಂಡ ಮೇಲೆ ಜೋಳದ ಕೂರಿಗೆ ಹೂಡಬಹುದೆಂಬ ಕ್ರಮದಲ್ಲಿ ನಮಗೆ ವಿಶ್ವಾಸವುಂಟಾಯಿತು. ಇದರ ಸಾರಸರ್ವಸ್ವ ಇರುವುದು ಮುರಿಯುವ ಕಾಲದಲ್ಲಿ: ತಡವಾದರೆ ಸೆಣಬಿನ ಕಾಂಡ ನಾರಾಗಿ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹಿಡಿದುಕೊಳ್ಳುತ್ತವೆ, ಜೋಳಕ್ಕೆ ಮೀಸಲಾಗಬೇಕಾದ ತೇವವನ್ನೂ ಹೊದಿಕೆಯೇ ಕುಡಿದುಬಿಡುತ್ತದೆ. ಹತ್ತಾರು ಬಗೆಯ ಬೀಜಗಳ ಮಿಶ್ರಣವನ್ನು ಕೊಂಡಾಡುವವರು ಈ ಲೆಕ್ಕವನ್ನು ಹೇಳುವುದಿಲ್ಲ. ತೊಗರಿ ಮಾತ್ರ ಉದುರೆಲೆಯಿಂದ ತಾನಾಗಿಯೇ ನೆಲಕ್ಕೆ ಹೊದಿಕೆ ಹಾಸುತ್ತದೆ. ಬಿತ್ತದೆ ದೊರೆಯುವ ಈ ಹಾಸನ್ನು ನಮ್ಮವರು ಅಳೆದುದು ಬಲು ಕಡಿಮೆ.

1982ರಲ್ಲಿ ನಾರಾಯಣಪುರದ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳಿಗೆ ಬಂದ ಬಳಿಕ ಪ್ರಶ್ನೆಯ ಸ್ವರೂಪವೇ ಪರಿವರ್ತನೆಗೊಂಡಿತು. ಮಿತನೀರಿನ ಬೆಳೆಗಳಿಗೆಂದು ಉದ್ದೇಶಿತವಾದ ನೆಲದಲ್ಲಿ ಭತ್ತ ತುಂಬಿತು. ತಗ್ಗಿನ ಹೊಲಗಳು ಸವಳು-ಜವಳಿಗೆ ಈಡಾದುವು. ಅಲ್ಲಿ ಉಪ್ಪನ್ನು ಸಹಿಸಿ, ನೀರು ನಿಂತಾಗಲೂ ಬೆಳೆದು, ಸಾರಜನಕ ಕೂಡಿಸುವ ಡಯಾಂಚಕ್ಕೆ ಸಮನಾದುದು ಇನ್ನೊಂದಿಲ್ಲವೆಂದೇ ನನ್ನ ಮತ. ಬಸಿಗಾಲುವೆಯಿಲ್ಲದೆ ಅದೊಂದೇ ಸವಳನ್ನು ನೀಗಲಾರದೆಂಬುದೂ ಅಷ್ಟೇ ನಿಜ.

ಜಪಾನಿನ ಸಹಜ ಕೃಷಿಕ ಫುಕುವೋಕಾ, ದೊಡ್ಡಬಳ್ಳಾಪುರ ಪ್ರಾಂತದ ನಾರಾಯಣ ರೆಡ್ಡಿ, ಸುಭಾಷ್ ಪಾಳೇಕರ್ ಮೊದಲಾದವರಿಂದ ಜೀವಂತ ಹೊದಿಕೆಯ ವಿಚಾರ ಜನಸಾಮಾನ್ಯರ ಮಾತಾಯಿತೆಂಬುದು ಸಂತೋಷದ ವಿಷಯ. ತೋಟದ ಅನುಭವವನ್ನು ಎರೆಹೊಲಕ್ಕೆ ವಿಸ್ತರಿಸಿದಲ್ಲಿ ಕೆಲವು ಅನುಯಾಯಿಗಳ ವಿವೇಚನೆ ಮಸುಕಾಯಿತು.

ಇಷ್ಟೆಲ್ಲ ಸಾಹಿತ್ಯದಲ್ಲಿ ಬೀಜದ ಪ್ರಮಾಣವುಂಟು, ಸಾವಯವ ಇಂಗಾಲದ ಶೇಕಡಾವಾರುವುಂಟು. ಲಾವಣಿಗೆ ಭೂಮಿ ಹಿಡಿದವನ ವಿಷಯ ಮಾತ್ರ ವಿರಳ. ವರ್ಷ ತಿರುಗಿದರೆ ಹೊಲ ಪರರ ಪಾಲಾಗುವುದೆಂದು ಬಲ್ಲವನು ಅನೇಕ ವರ್ಷಗಳ ಮೇಲೆ ಫಲ ಕೊಡುವ ಹಸಿರನ್ನು ಏಕೆ ಬಿತ್ತಿಯಾನು? ಸುಗ್ಗಿ ಮುಗಿದೊಡನೆ ದನ-ಕುರಿಗಳಿಗೆ ಹೊಲಗಳು ತೆರೆಯುವ ಊರಿನಲ್ಲಿ, ಒಬ್ಬನೇ ಹಾಸಿ ಉಳಿಸಿಕೊಂಡ ಹೊದಿಕೆಯನ್ನು ಕಾಯುವವರು ಯಾರೆಂಬುದನ್ನೂ ಪ್ರಯೋಗಕ್ಷೇತ್ರದ ಬೇಲಿಯೊಳಗೆ ನಿಂತು ತಿಳಿಯಲಾಗುವುದಿಲ್ಲ. ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯಕ್ಕೆ ಇಂತಹ ಊರುಗಳು ಕೂಗಳತೆಯಲ್ಲೇ ಇವೆ.