ತಾಜ್ ಹೋಟೆಲಿನ ಮುಂಬಾಗಿಲು

ಪುಣೆಗೆ ಕಡಲಿಲ್ಲ. 1930ರಿಂದ ಓಡುತ್ತಿರುವ ಡೆಕ್ಕನ್ ಕ್ವೀನ್ ಹತ್ತಿ ಮುಂಬಯಿಗೆ ಹೋಗಿ, ಅಪೋಲೋ ಬಂದರಿನಲ್ಲಿ ನಿಂತು ತಾಜ್ ಮಹಲ್ ಹೋಟೆಲನ್ನು ನೋಡಿ ಬರುವುದು ಇಲ್ಲಿಯ ಕನ್ನಡಿಗರಾದ ನಮಗೆ ರೂಢಿ. ಮರಳುವಾಗ ಒಂದು ಕಥೆಯನ್ನೂ ಹೊತ್ತು ತರುತ್ತೇವೆ: ಕಟ್ಟಡವನ್ನು ಹಿಂದುಮುಂದಾಗಿ ಕಟ್ಟಿದ್ದು ಕಂಡು ಅದರ ವಿದೇಶೀ ವಾಸ್ತುಶಿಲ್ಪಿ ಆತ್ಮಹತ್ಯೆ ಮಾಡಿಕೊಂಡನಂತೆ!

ಕಥೆ ರೋಚಕವೇ, ಆದರೆ ಅನ್ಯಾಯದ್ದು. ಜಮ್ಷೆಡ್‌ಜಿ ಟಾಟಾ ಅವರು ಕಟ್ಟಿಸಿ 1903ರ ಡಿಸೆಂಬರಿನಲ್ಲಿ ತೆರೆದ ಈ ಸೌಧದ ನಕ್ಷೆಯನ್ನು ರೂಪಿಸಿದವರು ಸೀತಾರಾಮ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ. ಕೆಲಸ ಮುಗಿಯುವ ಮೊದಲೇ ವೈದ್ಯರು ತೀರಿಕೊಂಡರು. ಅದನ್ನು ಪೂರೈಸಿದವರು ಆಂಗ್ಲರಾದ ಡಬ್ಲ್ಯೂ. ಎ. ಚೇಂಬರ್ಸ್. ನಟ್ಟನಡುವಿನ ಆ ಪ್ರಸಿದ್ಧ ಮೆಟ್ಟಿಲಸಾಲು ಸೊರಾಬ್ಜಿ ಕಂಟ್ರಾಕ್ಟರ್ ಅವರ ಕೈಚಳಕ. ದಂತಕಥೆಯಲ್ಲಿ ಇವರಾರಿಗೂ ಎಡೆಯಿಲ್ಲ.

ಮುಂಬಾಗಿಲು ಊರಿನ ಕಡೆಗಿದ್ದುದು ಪ್ರಮಾದವೇನಲ್ಲ. ಅಂದಿನ ಅತಿಥಿಗಳ ಕುದುರೆ ಸಾರೋಟುಗಳು ಬರುತ್ತಿದ್ದುದು ಆ ಕಡೆಯಿಂದಲೇ. ಎದುರಿನ ಗೇಟ್‌ವೇ ಆಫ್ ಇಂಡಿಯಾ ಉದ್ಘಾಟನೆಯಾದದ್ದು 1924ರಲ್ಲಿ. ಅದರ ಕಮಾನಿನಡಿ ನಿಂತು ನೋಡುವ ನಮಗೆ, ಹೋಟೆಲು ಮೊದಲಿಂದಲೂ ಇತ್ತಲೇ ಮುಖ ಮಾಡಿರಬೇಕಿತ್ತೆಂದು ತೋರುವುದು ಸಹಜ. ಹಳೆಯ ಬಾಗಿಲಿದ್ದ ಕಡೆ ಈಗ ಈಜುಕೊಳವಿದೆ.