ಫ್ಲ್ಯಾಷ್ ಇಲ್ಲದೆ ಸಿಕ್ಕ ಚೆಂಡು

ಒಳಾಂಗಣ ವಾಲಿಬಾಲ್ ಪಂದ್ಯವೊಂದನ್ನು ನೆನಪಿಗೆ ತಂದುಕೊಳ್ಳಿ. ಬಲೆಯ ಬಳಿ ಹೊಡೆದ ಚೆಂಡು ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಂದರೆ, ಅಂಕಣದ ಹಿಂದಿನ ಗೆರೆಯವರೆಗಿನ 9 ಮೀಟರ್ ದಾಟಲು ಅದಕ್ಕೆ ಸೆಕೆಂಡಿನ ಮೂರನೆಯ ಒಂದು ಭಾಗ ಸಾಕು. ಚೆಂಡಿಗಾಗಿ ಕಣ್ಣು ನೆಟ್ಟು ನಿಂತ ಆಟಗಾರ್ತಿಯ ಮುಖಕ್ಕೆ ಆಗಲೇ ಕ್ಯಾಮರಾದ ಫ್ಲ್ಯಾಷ್ ಬಡಿದರೆ ಏನಾದೀತು? ಅಂಕ ಹೋದೀತು, ಮುಖಕ್ಕೆ ಏಟೂ ಬಿದ್ದೀತು. ಈ ಕಾರಣದಿಂದಲೇ ದೊಡ್ಡ ಪಂದ್ಯಗಳಲ್ಲಿ ಛಾಯಾಗ್ರಾಹಕರಿಗೆ ಸಾಮಾನ್ಯವಾಗಿ ಫ್ಲ್ಯಾಷ್ ಬಳಸಲು ಅನುಮತಿ ಇರುವುದಿಲ್ಲ. ಹಾಗಾದರೆ ಆ ಚಿತ್ರಗಳೆಲ್ಲ ಹೇಗೆ ಬಂದವು?

ವಾಲಿಬಾಲ್ ಹುಟ್ಟಿದ್ದೇ ಸೂರಿನಡಿಯಲ್ಲಿ. 1895ರಲ್ಲಿ ಅಮೆರಿಕದ ಹೋಲಿಯೋಕ್ ಊರಿನ ವೈ.ಎಂ.ಸಿ.ಎ. ವ್ಯಾಯಾಮಶಾಲೆಗಾಗಿ ವಿಲಿಯಂ ಮಾರ್ಗನ್ ಈ ಆಟವನ್ನು ರೂಪಿಸಿದರು. ಆಗ ಒಳಾಂಗಣದಲ್ಲಿ ಚಿತ್ರ ತೆಗೆಯಲು ಮೆಗ್ನೀಸಿಯಂ ಪುಡಿಯನ್ನು ಉರಿಸಬೇಕಿತ್ತು. ಬೆಳಕಿನ ಜೊತೆಗೆ ಹೊಗೆಯೂ ಕೋಣೆ ತುಂಬುತ್ತಿತ್ತು.

1924ರಲ್ಲಿ ಜರ್ಮನಿಯಲ್ಲಿ ಎರ್ಮನಾಕ್ಸ್ ಎಂಬ ಪುಟ್ಟ ಕ್ಯಾಮರಾ ಬಂತು. ಅದರ ಮಸೂರ ಅಂದಿನ ಮಟ್ಟಿಗೆ ಅಸಾಧಾರಣವಾಗಿ ದೊಡ್ಡದು. ಎರಿಕ್ ಸಾಲೊಮನ್ ಅದನ್ನು ಟೋಪಿಯೊಳಗೆ ಅಡಗಿಸಿಟ್ಟು ನ್ಯಾಯಾಲಯದ ಒಳಗಿನ ಚಿತ್ರಗಳನ್ನು ತೆಗೆದರು. ಆದರೆ ನ್ಯಾಯಾಧೀಶರು ಕುಳಿತೇ ಇರುತ್ತಾರೆ, ವಾಲಿಬಾಲ್ ಆಟಗಾರರು ಕುಳಿತಿರುವುದಿಲ್ಲವಲ್ಲ! 1930ರ ದಶಕದಲ್ಲಿ ಹೆರಾಲ್ಡ್ ಎಡ್ಜರ್ಟನ್ ವಿದ್ಯುತ್ ಫ್ಲ್ಯಾಷ್‌ನಿಂದ ವೇಗದ ಚಲನೆಯನ್ನು ನಿಲ್ಲಿಸಿ ತೋರಿಸಿದರು. ಇದು ಛಾಯಾಗ್ರಾಹಕನ ಕಷ್ಟವನ್ನು ಕಳೆಯಿತು, ಆಟಗಾರನ ಕಷ್ಟವನ್ನಲ್ಲ. ಅಲ್ಲದೆ ದೂರ ಮೂರು ಪಟ್ಟಾದರೆ ಫ್ಲ್ಯಾಷ್ ಬೆಳಕು ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹತ್ತಿರದ ಆಟಗಾರ ಬೆಳ್ಳಗೆ ಕಾಣುತ್ತಾನೆ, ಹಿಂದಿನ ಪ್ರೇಕ್ಷಕರು ಕತ್ತಲಲ್ಲಿ ಕರಗುತ್ತಾರೆ.

ದಾರಿ ತೆರೆದದ್ದು ಚುರುಕಾದ ಫಿಲ್ಮು. 1954ರಲ್ಲಿ 35 ಮಿ.ಮೀ. ಅಳತೆಯಲ್ಲಿ ಕೊಡಾಕ್‌ನ ಟ್ರೈ-ಎಕ್ಸ್ ಬಂತು. ಹತ್ತು ವರ್ಷಗಳ ನಂತರ, 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಸೇರ್ಪಡೆಯಾಗಿ ಜಪಾನಿನ ಮಹಿಳೆಯರು ಚಿನ್ನ ಗೆದ್ದರು. ಆ ಹೊತ್ತಿಗೆ ಇಂಥ ಫಿಲ್ಮುಗಳು ಪತ್ರಿಕಾ ಛಾಯಾಗ್ರಾಹಕರ ಚೀಲದಲ್ಲಿ ಸಾಮಾನ್ಯವಾಗಿದ್ದವು.

ಸ್ವಲ್ಪ ಲೆಕ್ಕ ಹಾಕೋಣ. 300 ಲಕ್ಸ್ ಬೆಳಕಿನ ಸಾಧಾರಣ ಸಭಾಂಗಣ, 400 ವೇಗದ ಫಿಲ್ಮು, ಎಫ್ 2.8 ಮಸೂರ ಎಂದುಕೊಳ್ಳಿ. ಷಟರ್ ಸುಮಾರು ಸೆಕೆಂಡಿನ 60ನೆಯ ಒಂದು ಭಾಗ ತೆರೆದಿರಬೇಕು. ಅಷ್ಟರಲ್ಲಿ ನಮ್ಮ ಚೆಂಡು 46 ಸೆಂ.ಮೀ. ಸಾಗಿರುತ್ತದೆ, ಅಂದರೆ ತನ್ನ ಅಗಲದ ಎರಡು ಪಟ್ಟಿಗೂ ಹೆಚ್ಚು. ಚಿತ್ರದಲ್ಲಿ ಉಳಿಯುವುದು ಚೆಂಡಲ್ಲ, ಒಂದು ಮಸುಕು ಪಟ್ಟಿ. ಆದ್ದರಿಂದ ಅದೇ ಫಿಲ್ಮನ್ನು 1600 ಎಂದು ಭಾವಿಸಿ ಚಿತ್ರ ತೆಗೆದು, ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಡುತ್ತಿದ್ದರು. ಷಟರ್ 250ನೆಯ ಒಂದು ಭಾಗಕ್ಕೆ ಬಂದು, ಮಸುಕು 11 ಸೆಂ.ಮೀ.ಗೆ ಇಳಿಯುತ್ತಿತ್ತು. ಇದಕ್ಕೆ ತೆತ್ತ ಬೆಲೆ ಎಂದರೆ ಒರಟು ಕಣಗಳು ಮತ್ತು ನೆರಳಿನಲ್ಲಿ ಕಳೆದುಹೋದ ವಿವರಗಳು.

ಇನ್ನೊಂದು ಉಪಾಯಕ್ಕೆ ಫಿಲ್ಮಿನ ಹಂಗೂ ಬೇಡ. ಮೇಲಕ್ಕೆ ಹಾರಿದ ಆಟಗಾರ ಜಿಗಿತದ ತುದಿಯಲ್ಲಿ ಕ್ಷಣಕಾಲ ನಿಂತಂತಿರುತ್ತಾನೆ. ಕೊನೆಯ 5 ಸೆಂ.ಮೀ. ಏರಿ ಇಳಿಯಲು ಸುಮಾರು 0.2 ಸೆಕೆಂಡು ಹಿಡಿಯುತ್ತದೆ. ಆಟ ಬಲ್ಲವರು ಆ ಕ್ಷಣವನ್ನು ಮೊದಲೇ ಊಹಿಸಿ ಗುಂಡಿ ಒತ್ತುತ್ತಾರೆ.

ಮುಂದೆ ಟೆಲಿವಿಷನ್ ಸಹ ನೆರವಿಗೆ ಬಂತು. ನಮ್ಮ ಕ್ಯಾಮರಾಗಳಿಗಾಗಿ ಹಚ್ಚಿದ ಪ್ರಖರ ದೀಪಗಳು ಪಕ್ಕದಲ್ಲಿ ಕುಳಿತ ಛಾಯಾಗ್ರಾಹಕನಿಗೂ ಒದಗಿದವು. 2007ರಲ್ಲಿ ಬಂದ ನಿಕಾನ್ ಡಿ3ಯಂಥ ಡಿಜಿಟಲ್ ಕ್ಯಾಮರಾಗಳು 6400 ವೇಗದಲ್ಲೂ ಮುದ್ರಣಕ್ಕೆ ಒಪ್ಪುವ ಚಿತ್ರ ಕೊಟ್ಟವು. ಅದೇ 300 ಲಕ್ಸ್‌ನಲ್ಲಿ ಷಟರ್ ಸಾವಿರದ ಒಂದು ಭಾಗವಾಯಿತು, ಮಸುಕು 3 ಸೆಂ.ಮೀ.ಗಿಂತ ಕಡಿಮೆಯಾಯಿತು.

ನಿಮ್ಮ ಮಕ್ಕಳ ಶಾಲೆಯಲ್ಲಿ ಪಂದ್ಯ ನಡೆದಾಗ ನೀವೂ ಕ್ಯಾಮರಾ ಒಯ್ಯುತ್ತೀರಿ. ಮೊದಲು ಫ್ಲ್ಯಾಷ್ ಆರಿಸಿ, ಆಮೇಲೆ ಆಟ ನೋಡಿ. ಚಿತ್ರ ತುಸು ಮಸುಕಾದರೂ ಚಿಂತೆಯಿಲ್ಲ. ಚೆಂಡು ಬರುವುದು ಆ ಮಗುವಿನ ಕಣ್ಣಿಗೆ ಕಾಣಬೇಕು. ಚಿತ್ರದ ಮಾತು ಅದರ ನಂತರದ್ದು.