ಕಿರಿದಾದ ಜಠರ

ಹೊಟ್ಟೆಹುಣ್ಣಿಗಾಗಿ ಜಠರದ ಭಾಗವನ್ನು ಕತ್ತರಿಸಿಕೊಂಡವರು ಕೃಶರಾಗುತ್ತಿದ್ದರು. ಮತ್ತೆ ಮೈ ತುಂಬುವುದು ದುಸ್ತರವಾಗುತ್ತಿತ್ತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ ಈ ದೋಷದಲ್ಲಿಯೇ ಅತಿಸ್ಥೂಲರಿಗೊಂದು ಉಪಾಯವನ್ನು ಕಂಡರು. 1966ರಲ್ಲಿ ಅವರು ಜಠರದ ಮೇಲ್ಭಾಗವನ್ನು ಬೇರ್ಪಡಿಸಿ, ನೇರವಾಗಿ ಸಣ್ಣ ಕರುಳಿಗೆ ಜೋಡಿಸಿದರು.

ಅದಕ್ಕೂ ಮುನ್ನ, 1950ರ ದಶಕದಲ್ಲಿ, ಸಣ್ಣ ಕರುಳಿನ ಬಹುಭಾಗವನ್ನೇ ಆಹಾರದ ಹಾದಿಯಿಂದ ತಪ್ಪಿಸುವ ಕ್ರಮವೊಂದು ಹುಟ್ಟಿತ್ತು. ತೂಕವೇನೋ ಇಳಿಯಿತು. ಆದರೆ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಕೆಲವರಲ್ಲಿ ಯಕೃತ್ತಿನ ನಾಶ! ಕೊಯ್ದ ಗಾಯ ಮಾಯ್ದರೆ ಚಿಕಿತ್ಸೆ ಮುಗಿಯಿತೆಂಬ ನಂಬಿಕೆಯನ್ನು ಅಲುಗಿಸಿದ್ದು ಈ ರೋಗಿಗಳ ಯಾತನೆಯೇ ಎಂದು ನನಗನಿಸುತ್ತದೆ.

1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಭೆಯು, ಶಸ್ತ್ರವೈದ್ಯನೊಡನೆ ಮನೋವೈದ್ಯರೂ ಆಹಾರತಜ್ಞರೂ ರೋಗಿಯನ್ನು ಮೊದಲೇ ಪರೀಕ್ಷಿಸಬೇಕು, ಅನಂತರ ಜೀವಮಾನವಿಡೀ ಆತನ ಮೇಲೆ ನಿಗಾ ಇರಬೇಕು ಎಂದಿತು.

ಈಗ ಹಲವೆಡೆ ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲೇ ಮಿತಾಹಾರ ಆರಂಭವಾಗುತ್ತದೆ. ಜಠರವನ್ನು ಮರೆಮಾಡುವ ಕೊಬ್ಬಿದ ಯಕೃತ್ತು ಕುಗ್ಗಲೆಂದು ಈ ಪಥ್ಯ. ಆಮೇಲೆ ಗುಟುಕು ಗುಟುಕಾಗಿ ದ್ರವ, ಅರೆದ ಆಹಾರ, ಮೆತ್ತನೆಯ ಅನ್ನ. ಹಸಿವು ತಗ್ಗಿದರೂ ದೇಹದ ಅಗತ್ಯ ತಗ್ಗುವುದಿಲ್ಲ: ಬಿ12 ಜೀವಸತ್ತ್ವ, ಕಬ್ಬಿಣ, ಸುಣ್ಣದ ಅಂಶಗಳನ್ನು ಆಯುಷ್ಯವಿರುವವರೆಗೂ ಔಷಧರೂಪದಲ್ಲಿ ಸೇವಿಸಬೇಕು.